ಮನೆ ಅಂಗಳದಾಗ ಹರಗೋಲು ಹೆಣೆಯೋದು

ನನ್ನ ಆರು ಎಕರೆ ಹೊಲದಲ್ಲಿ ನಾಲ್ಕು ಎಕರೆ ಊರ ಕಡೆ ಇದೆ, ಅದು ಮಸಾರಿ. ಉಳಿದ ಎರಡು ಎಕರೆ ಎರೆ ಹೊಳೆಯ ನಡುವಿನ ಗಡ್ಡಿಯಲ್ಲಿದೆ. ನಮ್ಮದು ಲಿಂಗಸುಗೂರು ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿ, ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕೆಳಗೆ ಬರುತ್ತದೆ. ಹೊಳೆ ಮಗ್ಗುಲಲ್ಲೇ ಹರಿದರೂ ನಮ್ಮ ಬೇಸಾಯ ಮಳೆ ನಂಬಿದ್ದೇ. ಸಜ್ಜೆ, ತೊಗರಿ, ಹಿಂಗಾರಿ ಜೋಳ, ಕಡಲೆ, ಇಷ್ಟೇ ಬೆಳೆ. ಗಡ್ಡಿಯ ಎರಡು ಎಕರೆಯಲ್ಲಿ ಬರುವ ತೊಗರಿಯೇ ನಮ್ಮ ಮನೆಯ ವರ್ಷದ ಖರ್ಚು ತೂಗಿಸುತ್ತದೆ. ಅಲ್ಲಿಗೆ ಹೋಗಲು ನಮಗೆ ಇರೋದು ಒಂದೇ ದಾರಿ, ಹರಗೋಲು. ಕೆಲವು ಊರಲ್ಲಿ ಇದನ್ನೇ ತೆಪ್ಪ ಅಂತಾರೆ, ಆಂಧ್ರದ ಗಡಿ ಕಡೆ ಪುಟ್ಟಿ ಅಂತಾರೆ.

ಈ ಪತ್ರಿಕೆಯಲ್ಲಿ ಕೂರಿಗಿ, ಕುಂಟಿ, ಗಾಡಿ ಮಾಡಿಕೊಂಡವರು ಬರೆದಿದ್ದಾರೆ. ನಮಗೆ ಹರಗೋಲೂ ಕೂರಿಗಿಯಂಥ ಒಂದು ಒಕ್ಕಲುತನದ ಸಾಮಾನೇ. ನಾನು ಕಲಿತದ್ದು ಏಳನೇ ಇಯತ್ತೆ. ಹರಗೋಲು ಕಲಿತದ್ದು ಅದರ ನಂತರ, ನಮ್ಮೂರ ಅಂಬಿಗರ ಅಜ್ಜನ ಕೈಕೆಳಗೆ. ಈವರೆಗೆ ಒಂಬತ್ತು ಹೆಣೆದಿದ್ದೇನೆ. ಮೊದಲನೆಯದು ನನಗೆ ಪಾಠ ಕಲಿಸಿತು. ಅದರ ಕಥೆ ಮುಂದೆ ಹೇಳ್ತೀನಿ.

ಹಲಗೆ ದೋಣಿ ಯಾಕಲ್ಲ?

ಕರಾವಳಿಯ ಓದುಗರು ಈ ಪ್ರಶ್ನೆ ಕೇಳಬಹುದು. ಅಲ್ಲಿ ಹಲಗೆ ಜೋಡಿಸಿ, ಹಾಯಿ ಕಟ್ಟಿ ಸಮುದ್ರಕ್ಕೆ ಇಳಿಸುತ್ತಾರೆ. ನಮ್ಮ ಹೊಳೆಯ ಲಕ್ಷಣವೇ ಬೇರೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಎಲ್ಲಿ ನೋಡಿದರೂ ಬಂಡೆ. ಹಲಗೆ ದೋಣಿಗೆ ಆಳ ಬೇಕು, ಬಂಡೆಗೆ ಬಡಿದರೆ ಹಲಗೆ ಬಿರಿಯುತ್ತದೆ. ಹರಗೋಲಿನ ತಳ ಚಪ್ಪಟೆ. ಅರ್ಧ ಅಡಿ ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಒಳಕ್ಕೆ ಬಗ್ಗಿ ಮತ್ತೆ ಹೊರಕ್ಕೆ ಬರುತ್ತದೆ. ಒಂದೂ ಮೊಳೆ ಬೇಡ, ಬಡಿಗೇರರೂ ಬೇಡ. ಕೆಲಸ ಮುಗಿದ ಮೇಲೆ ಇಬ್ಬರು ಎತ್ತಿ ದಂಡೆ ಮೇಲೆ ಬೋರಲು ಹಾಕಿದರೆ ಆಯಿತು.

ಇದು ಇಂದು ನಿನ್ನೆಯದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ತುಂಗಭದ್ರೆಯ ಹರಗೋಲು ನೋಡಿ ಬರೆದಿಟ್ಟಿದ್ದಾನೆ ಎಂದು ನಮ್ಮೂರ ಮಾಸ್ತರರು ಓದಿ ಹೇಳಿದರು. ಬುಟ್ಟಿಯಂತೆ ದುಂಡಗೆ, ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುವಂಥವು, ನೀರಲ್ಲಿ ಗರಗರ ತಿರುಗುತ್ತ ಹೋಗುತ್ತವೆ ಎಂದು ಅವನ ವಿವರಣೆ. ಐನೂರು ವರ್ಷವಾದರೂ ಬದಲಾಗಿರೋದು ತೊಗಲು ಒಂದೇ. ನಮ್ಮ ಅಪ್ಪನ ಕಾಲದವರೆಗೂ ಎಮ್ಮೆ ತೊಗಲೇ ಇತ್ತು. ಪ್ರತಿ ಸಲ ಒಣಗಿಸಬೇಕು, ಎಣ್ಣೆ ಹಚ್ಚಬೇಕು, ಇಲ್ಲವಾದರೆ ಕೊಳೆತು ನಾರುತ್ತಿತ್ತು. ಈಗ ಬಟ್ಟೆ, ಗೊಬ್ಬರದ ಚೀಲ ಮತ್ತು ಟಾರು.

ಮೊದಲ ಹರಗೋಲಿನ ಕಥೆ

2004ರ ಡಿಸೆಂಬರ್. ಗಡ್ಡಿಯಲ್ಲಿ ತೊಗರಿ ಬಡಿದು ಮುಗಿದಿತ್ತು. ಅಜ್ಜ ತೀರಿಕೊಂಡು ಎರಡು ವರ್ಷ ಆಗಿತ್ತು. ಅವನು ಇದ್ದಾಗ ಹತ್ತಾರು ಹರಗೋಲಿಗೆ ದಬ್ಬೆ ಸೀಳಿಕೊಟ್ಟಿದ್ದೆ, ಹಾಗಾಗಿ ಎಲ್ಲಾ ಬರುತ್ತದೆ ಅನ್ನೋ ಧಿಮಾಕು ನನಗಿತ್ತು. ಆ ವರ್ಷ ಅವಸರದಲ್ಲಿ ನಾನೊಬ್ಬನೇ ಒಂದು ಹೆಣೆದಿದ್ದೆ. ಬಟ್ಟೆ ತೊಳೆದು ಹಾಕಿ, ಪೂರಾ ಒಣಗುವ ಮೊದಲೇ ಟಾರು ಬಳಿದಿದ್ದೆ.

ಅವತ್ತು ಹರಗೋಲಿನಲ್ಲಿ ನಾನು, ನನ್ನ ಹೆಂಡತಿ, ತಮ್ಮನ ಹೆಂಡತಿ, ಕೂಲಿಗೆ ಬಂದ ಇಬ್ಬರು ಹೆಣ್ಣುಮಕ್ಕಳು, ಅರವತ್ತು ಕಿಲೋದ ಐದು ಚೀಲ ತೊಗರಿ. ನಡುಹೊಳೆಗೆ ಬಂದಾಗ ಹೆಂಡತಿ “ಕಾಲಿಗೆ ನೀರು ಹತ್ತಾಕತ್ತೈತ್ರೀ” ಅಂದಳು. ನಾನು “ಹುಟ್ಟಿನ ನೀರು ಸಿಡಿದದ, ಸುಮ್ಮ ಕೂಡು” ಅಂದೆ. ಸ್ವಲ್ಪ ಹೊತ್ತಿಗೆ ನೀರು ಹಿಮ್ಮಡಿ ದಾಟಿತು. ಕೂಲಿಯ ಹೆಣ್ಣುಮಗಳೊಬ್ಬಳು ಅಂಜಿ ಎದ್ದು ನಿಂತಳು. ಒಳಗಿನ ನೀರೆಲ್ಲ ಒಂದೇ ಕಡೆ ಉರುಳಿತು, ಅಂಚು ನೀರಿಗೆ ನಾಲ್ಕು ಬೆರಳು ಉಳಿಯಿತು. ನಾನು ಒಂದಾದ ಮೇಲೊಂದು ಮೂರು ಚೀಲ ತೊಗರಿ ಹೊಳೆಗೆ ನೂಕಿದೆ. ಆ ಹೆಣ್ಣುಮಗಳು ನನ್ನ ಕಾಲು ಅಪ್ಪಿಕೊಂಡು ಕೂತಿದ್ದಳು. ದೇವರು ದೊಡ್ಡವನು, ಒಂದು ಬಂಡೆಗೆ ಬಂದು ತಾಗಿದೆವು. ಅಲ್ಲೇ ಎರಡು ತಾಸು ಕೂತು, ಬೇರೆ ಹರಗೋಲು ಬಂದ ಮೇಲೆ ಊರು ಸೇರಿದೆವು. ನಮ್ಮ ಹೊಳೆಯಲ್ಲಿ ಮೊಸಳೆಗಳೂ ಇವೆ.

ಮರುದಿನ ಹರಗೋಲು ಬೋರಲು ಹಾಕಿ ನೋಡಿದೆ. ತಳದಲ್ಲಿ ಟಾರು ಗುಳ್ಳೆ ಎದ್ದು ಅಂಗೈಯಗಲ ಕಿತ್ತು ಬಂದಿತ್ತು. ಹಸಿ ಬಟ್ಟೆಗೆ ಬಿಸಿ ಟಾರು ಬಿದ್ದರೆ ತೇವ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ. ಟಾರು ಬಟ್ಟೆಯನ್ನು ಹಿಡಿಯುವುದೇ ಇಲ್ಲ, ಬರೀ ಮೇಲೆ ಕೂತಿರುತ್ತದೆ. ತಪ್ಪು ಪೂರ್ತಿ ನನ್ನದೇ. ಅದಕ್ಕೇ ಈ ಪಾಠವನ್ನು ಒಂದೊಂದು ಮೆಟ್ಟಿಲಾಗಿ ಬರೆಯುತ್ತಿದ್ದೇನೆ.

ಎಷ್ಟು ದೊಡ್ಡದು, ಎಷ್ಟು ಭಾರ?

ಹೆಣೆಯುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ. ಏಳನೇ ಇಯತ್ತೆಯ ಲೆಕ್ಕ ಸಾಕು. ನೀರಿನಲ್ಲಿ ತೇಲುವ ಯಾವುದೇ ಸಾಮಾನು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಘನ ಅಡಿ ನೀರು ಸುಮಾರು 28 ಕಿಲೋ ತೂಗುತ್ತದೆ.

ನಾನು ಹೆಣೆಯುವುದು ಬಾಯಿ 8 ಅಡಿ ಅಗಲ, ತಳ 6 ಅಡಿ ಅಗಲ, ಆಳ ಎರಡೂವರೆ ಅಡಿ. ತಳದ ದುಂಡಿನ ಕ್ಷೇತ್ರ 28 ಚದರ ಅಡಿ ಚಿಲ್ಲರೆ. ಒಂದು ಅಡಿ ಮುಳುಗಿದರೆ 28 ಘನ ಅಡಿ ನೀರು ಸರಿಯುತ್ತದೆ, ಅಂದರೆ ಸುಮಾರು 800 ಕಿಲೋ. ಒಂದು ಇಂಚಿಗೆ 66 ಕಿಲೋ ಅಂತ ಇಟ್ಟುಕೊಳ್ಳಿ. ಗೋಡೆ ಹೊರಕ್ಕೆ ವಾಲಿರುವುದರಿಂದ ನಿಜವಾಗಿ ಇನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹರಗೋಲಿನ ಸ್ವಂತ ತೂಕ 70 ಕಿಲೋ. ಆರು ಜನ, ತಲಾ 60 ಕಿಲೋ ಹಿಡಿದರೆ 360. ಐವತ್ತು ಕಿಲೋದ ಎರಡು ಚೀಲ 100. ಒಟ್ಟು 530 ಕಿಲೋ. ಅಂದರೆ 8 ಇಂಚು ಮುಳುಗುತ್ತದೆ, 22 ಇಂಚು ಮೇಲೆ ಉಳಿಯುತ್ತದೆ. ನನ್ನ ಹದ್ದು ಇಷ್ಟೇ.

ಇನ್ನು 2004ರ ಲೆಕ್ಕ ನೋಡಿ. ಐದು ಜನ ತಲಾ 55 ಅಂದರೂ 275, ತೊಗರಿ 300, ಹರಗೋಲು 70, ಒಟ್ಟು 645 ಕಿಲೋ. ಹತ್ತು ಇಂಚು ಮುಳುಗಿತ್ತು. ಅಷ್ಟಕ್ಕೇ ನಿಂತಿದ್ದರೆ ದಾಟುತ್ತಿದ್ದೆವು. ಆದರೆ ಒಳಗೆ ನಾಲ್ಕು ಇಂಚು ನೀರು ತುಂಬಿದರೆ ಅದೇ 260 ಕಿಲೋ ಮೇಲೆ. ನಾಲ್ಕು ಜನ ಹೊಸದಾಗಿ ಹತ್ತಿದ ಹಾಗೆ! ಚೀಲ ಇಟ್ಟಲ್ಲೇ ಇರುತ್ತದೆ. ನೀರು ಹಾಗಲ್ಲ, ಎಲ್ಲಿ ತಗ್ಗು ಇದೆಯೋ ಅಲ್ಲಿಗೆ ಓಡುತ್ತದೆ, ಆ ಕಡೆಯೇ ಇನ್ನಷ್ಟು ತಗ್ಗಿಸುತ್ತದೆ. ಸೋರುವ ಹರಗೋಲಿನ ಅಪಾಯ ಇದೇ.

ಬಿದಿರು ಆರಿಸುವುದು

ನಮ್ಮ ಸೀಮೆಯಲ್ಲಿ ಬಿದಿರು ಬೆಳೆಯುವುದಿಲ್ಲ. ಮೇದಾರರ ಓಣಿಯಲ್ಲಿ ಗಳ ಕೊಳ್ಳುತ್ತೇವೆ. 18ರಿಂದ 20 ಅಡಿ ಉದ್ದ, ಮೂರು ಇಂಚು ದಪ್ಪದ 16 ಗಳ ಬೇಕು. ಆರಿಸುವಾಗ ಇಷ್ಟು ನೋಡಿ.

1. ವಯಸ್ಸು: ಎರಡರಿಂದ ಮೂರು ವರ್ಷದ್ದು ಒಳ್ಳೆಯದು. ಒಂದು ವರ್ಷದ ಎಳೆ ಬಿದಿರು ಕಡುಹಸಿರು ಇದ್ದು, ಗೆಣ್ಣಿನ ಹತ್ತಿರ ಬಿಳಿ ಬೂದಿ, ಪೊರೆಯ ಚೂರು ಅಂಟಿರುತ್ತವೆ. ಅದು ಒಣಗಿದ ಮೇಲೆ ಸುಕ್ಕಾಗುತ್ತದೆ, ಹುಳವೂ ಬೇಗ ಬೀಳುತ್ತದೆ. ಬಹಳ ಬಲಿತದ್ದು ಬಗ್ಗಿಸಿದರೆ ಚಟ್ಟನೆ ಮುರಿಯುತ್ತದೆ.

2. ಕಡಿದ ಕಾಲ: ಮಳೆ ಮುಗಿದು ಚಳಿ ಬಿದ್ದ ಮೇಲೆ ಕಡಿದದ್ದನ್ನೇ ಕೇಳಿ ತಗೊಳ್ಳಿ. ಬಿದಿರಿನೊಳಗಿನ ಹಿಟ್ಟಿನಂಶವೇ ಕುಟ್ಟೆಹುಳಕ್ಕೆ ಊಟ. ಅದು ಕಡಿಮೆ ಇರುವಾಗ ಕಡಿದರೆ ಬಾಳಿಕೆ ಜಾಸ್ತಿ.

3. ಗೆಣ್ಣು: ಗೆಣ್ಣಿನಿಂದ ಗೆಣ್ಣಿಗೆ ಒಂದು ಅಡಿಗಿಂತ ಹೆಚ್ಚು ಅಂತರ ಇರಲಿ. ಗೆಣ್ಣು ಜಾಸ್ತಿ ಇದ್ದರೆ ದಬ್ಬೆ ಸೀಳುವಾಗ ಓರೆ ಹೋಗುತ್ತದೆ.

4. ಹಸಿತನ: ಕಡಿದು ತಿಂಗಳೊಳಗಿನದ್ದು ಇರಲಿ. ಒಣ ಬಿದಿರು ತಂದರೆ ಹೆಣಿಗೆ ಆಗುವುದಿಲ್ಲ.

ತಂದ ಗಳಗಳನ್ನು ಹೊಳೆಯಲ್ಲಿ ಕಲ್ಲು ಹೇರಿ ಎರಡು ವಾರ ಮುಳುಗಿಸಿಡುತ್ತೇನೆ. ನೀರು ಹರಿಯುವ ಜಾಗ ಆಗಬೇಕು. ಹಿಟ್ಟಿನಂಶ ತೊಳೆದು ಹೋಗುತ್ತದೆ, ಬಿದಿರೂ ಮೆತ್ತಗಿರುತ್ತದೆ. ಹೀಗೆ ಮುಳುಗಿಸದೆ ಹೆಣೆದ ಒಂದು ಹರಗೋಲಿನ ಅಂಚು ಎರಡೇ ವರ್ಷಕ್ಕೆ ಪುಡಿಪುಡಿ ಆಯಿತು.

ದಬ್ಬೆ ಸೀಳುವುದು

ಗಳದ ತೆಳ್ಳಗಿನ ತುದಿಯಿಂದ ಕತ್ತಿ ಇಟ್ಟು ಎರಡು ಹೋಳು ಮಾಡಿ. ಎರಡನ್ನು ನಾಲ್ಕು, ನಾಲ್ಕನ್ನು ಎಂಟು. ಯಾವಾಗಲೂ ಸರಿ ಅರ್ಧಕ್ಕೇ ಸೀಳಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಸೀಳು ತೆಳುವಿನ ಕಡೆ ಓಡಿಹೋಗುತ್ತದೆ. ಹಾಗೆ ಓಡಲು ಹತ್ತಿದರೆ ದಪ್ಪ ಇರುವ ಕಡೆಯನ್ನು ಬಗ್ಗಿಸಿ ಎಳೆಯಿರಿ, ಸೀಳು ಮತ್ತೆ ನಡುವಿಗೆ ಬರುತ್ತದೆ. ನಾನು ಮೊದಮೊದಲು ಬಲ ಹಾಕಿ ಸೀಳುತ್ತಿದ್ದೆ. ಅಜ್ಜ ನಗುತ್ತಿದ್ದ. “ತಮ್ಮಾ, ಬಿದಿರು ನೀ ಹೇಳಿದಂಗ ಕೇಳೂದಿಲ್ಲ. ಅದು ಎಲ್ಲಿ ಹೊಂಟೈತಿ ನೋಡಿ ನೀನ ಕೈ ಬದಲು ಮಾಡು.”

ಒಂದು ಗಳಕ್ಕೆ ಎಂಟು ದಬ್ಬೆ, ಒಂದೊಂದೂ ಒಂದು ಇಂಚು ಅಗಲ ಚಿಲ್ಲರೆ ಬರುತ್ತದೆ. ಒಳಮೈಯ ಮೆದು ಭಾಗವನ್ನು ಹೆರೆದು ತೆಗೆಯಿರಿ. ಗೆಣ್ಣು ಸಪಾಟ ಮಾಡಿ. ಎರಡೂ ಅಂಚಿಗೆ ಕತ್ತಿಯ ಬೆನ್ನು ಎಳೆದು ಹರಿತ ಮುರಿಯಿರಿ. ಈ ಕೆಲಸಕ್ಕೆ ಬೇಜಾರು ಮಾಡಬೇಡಿ. ಹರಿತ ಅಂಚು ಉಳಿದರೆ ಮುಂದೆ ಅದೇ ಬಟ್ಟೆ ಕೊಯ್ಯುತ್ತದೆ.

ತಳದ ಹೆಣಿಗೆ

ಅಂಗಳ ಗುಡಿಸಿ, ನಡುವೆ ಒಂದು ಗೂಟ ಬಡಿದು, ಮೂರು ಅಡಿ ಹಗ್ಗ ಕಟ್ಟಿ ಸುತ್ತಲೂ ಗೆರೆ ಎಳೆಯಿರಿ. ಆರು ಅಡಿಯ ದುಂಡು ಆಯಿತು, ಇದೇ ತಳ. ಗೂಟ ಕಿತ್ತು ಹಾಕಿ.

ಬರೀ ಅಡ್ಡ-ಉದ್ದ ಹೆಣೆದರೆ ಚಾಪೆಯ ಹಾಗೆ ಮೂಲೆ ಹಿಡಿದು ಎಳೆದಾಗ ಓರೆ ಆಗುತ್ತದೆ. ಹರಗೋಲಿಗೆ ಮೂರು ದಿಕ್ಕಿನ ಹೆಣಿಗೆ ಬೇಕು. ಮೊದಲು ಒಂದು ದಿಕ್ಕಿಗೆ ಜೋಡಿ ಜೋಡಿಯಾಗಿ ಹತ್ತು ಜೋಡಿ ಹಾಸಿ, ಜೋಡಿಯಿಂದ ಜೋಡಿಗೆ ಏಳು ಇಂಚು. ಅದರ ಮೇಲೆ ಓರೆಯಾಗಿ ಇನ್ನೊಂದು ದಿಕ್ಕಿಗೆ ಹತ್ತು ಜೋಡಿ. ಮೂರನೆಯ ದಿಕ್ಕಿನ ಹತ್ತು ಜೋಡಿಯನ್ನು ಒಂದರ ಮೇಲೆ, ಒಂದರ ಕೆಳಗೆ ತೂರಿಸುತ್ತಾ ಹೋಗಿ. ನಡುವೆ ಆರು ಮೂಲೆಯ ಕಣ್ಣು ಬಂದರೆ ಹೆಣಿಗೆ ಸರಿ ಇದೆ. ಕಣ್ಣಿನ ಸುತ್ತ ಮುಮ್ಮೂಲೆಗಳು ಆಗುತ್ತವೆ. ಮುಮ್ಮೂಲೆ ಓರೆಯಾಗುವುದಿಲ್ಲ, ಮನೆಯ ತೊಲೆಗೆ ಓರೆಕಟ್ಟಿಗೆ ಕೊಡುವುದೂ ಇದಕ್ಕೇ. ಒಟ್ಟು 60 ದಬ್ಬೆ, ಎಂಟು ಗಳದಲ್ಲಿ ಬರುತ್ತದೆ. ಒಂದೊಂದೂ 14 ಅಡಿ ಉದ್ದ: ತಳಕ್ಕೆ ಆರು, ಎರಡೂ ಗೋಡೆಗೆ ಐದೂವರೆ, ಉಳಿದದ್ದು ಅಂಚಿಗೆ ಮಡಚಲು.

ದಬ್ಬೆ ಹಾಸುವಾಗ ಸಿಪ್ಪೆ ಮೈ ನೆಲಕ್ಕೆ ಇರಲಿ. ಇದಕ್ಕೆ ಎರಡು ಕಾರಣ. ಗೋಡೆಗೆ ಬಗ್ಗಿಸುವಾಗ ಹೊರಮೈ ಎಳೆತ ತಿನ್ನುತ್ತದೆ, ಗಟ್ಟಿ ನಾರು ಇರುವುದು ಸಿಪ್ಪೆಯ ಕಡೆ. ಇನ್ನೊಂದು, ಹೊರಗಿನಿಂದ ಹಾಕುವ ಬಟ್ಟೆಗೆ ನುಣುಪು ಮೈ ತಾಗುತ್ತದೆ.

ಗೋಡೆ ಮತ್ತು ಅಂಚು

ತಳ ಮುಗಿದ ಮೇಲೆ ದುಂಡುಗೆರೆಯ ಒಳಗೆ ಸುತ್ತಲೂ ದೊಡ್ಡ ಕಲ್ಲು ಹೇರಿ. ಒಂದು ಕ್ವಿಂಟಲ್‌ಗಿಂತ ಕಡಿಮೆ ಬೇಡ. ಗೆರೆಯ ಮೇಲೆ ನೀರು ಚಿಮುಕಿಸಿ, ಒಂದು ತಾಸು ಒದ್ದೆ ಗೋಣಿ ಹೊದಿಸಿ. ಆಮೇಲೆ ಎದುರುಬದುರಿನ ದಬ್ಬೆಗಳನ್ನು ಇಬ್ಬರು ಕೂಡಿ ಮೆಲ್ಲಗೆ ಎತ್ತಿ ಮೇಲೆ ಹಗ್ಗದಿಂದ ಕಟ್ಟಿ. ಒಂದೇ ಕಡೆಯಿಂದ ಎತ್ತುತ್ತಾ ಹೋದರೆ ತಳ ಜರುಗುತ್ತದೆ. ಒಮ್ಮೆಲೇ ನೆಟ್ಟಗೆ ಮಾಡಬೇಡಿ, ಸುತ್ತು ಬಂದು ಸುತ್ತು ಬಂದು ಸ್ವಲ್ಪ ಸ್ವಲ್ಪ ಎಳೆಯಬೇಕು.

ಉಳಿದ ಗಳಗಳ ಉದ್ದ ದಬ್ಬೆಯನ್ನು ಸುತ್ತಲೂ ಒಳಗೆ ಹೊರಗೆ ತೂರಿಸುತ್ತಾ ಗೋಡೆ ಹೆಣೆಯಿರಿ. ಮೊದಲ ನಾಲ್ಕು ಸುತ್ತು ಒತ್ತಾಗಿರಲಿ, ತಳ ಮತ್ತು ಗೋಡೆ ಕೂಡುವ ಆ ಜಾಗವೇ ಬಂಡೆಗೆ ಮೊದಲು ತಾಗುವುದು. ಮೇಲೆ ಹೋದಂತೆ ಬಾಯಿ ಎಂಟು ಅಡಿಗೆ ಬಿಚ್ಚಿಕೊಳ್ಳಲಿ. ಒಂದು ಕಡ್ಡಿಯನ್ನು ಎಂಟು ಅಡಿಗೆ ಕತ್ತರಿಸಿಟ್ಟು ನಾಲ್ಕೂ ಕಡೆ ಅಳೆಯುತ್ತಾ ಇರಿ. ದುಂಡು ತಪ್ಪಿದರೆ ನೀರಲ್ಲಿ ಒಂದೇ ಕಡೆ ಎಳೆಯುತ್ತದೆ.

ಅಂಚು ಹರಗೋಲಿನ ಜೀವ. ಒಳಗೊಂದು ಹೊರಗೊಂದು ಮೂರು ಮೂರು ದಬ್ಬೆಯ ಬಳೆ ಕಟ್ಟಿ, ನಿಂತ ದಬ್ಬೆಗಳ ತುದಿಯನ್ನು ಅವುಗಳ ಮೇಲೆ ಮಡಚಿ ಕೆಳಗಿನ ಹೆಣಿಗೆಗೆ ತೂರಿಸಿ. ಮೇಲೆ ನೈಲಾನ್ ಹುರಿಯಿಂದ ಅರ್ಧ ಅಡಿಗೊಂದರಂತೆ ಬಿಗಿಯಿರಿ. ಇಬ್ಬರು ಅಂಚು ಹಿಡಿದು ಎತ್ತಿದಾಗ ಕಿರ್‍ರ್ ಎನ್ನಬಾರದು.

ಹೆಣಿಗೆಗೆ ನನಗೂ ಒಬ್ಬ ಮೇದಾರ ಅಣ್ಣನಿಗೂ ಮೂರು ದಿನ ಬೇಕು. ಮುಗಿದ ಮೇಲೆ ಎಂಟು ದಿನ ನೆರಳಲ್ಲಿ ಒಣಗಲಿ. ಬಿಸಿಲಿಗೆ ಹಾಕಿದರೆ ದಬ್ಬೆ ಸೀಳುತ್ತದೆ.

ಬಟ್ಟೆ ಮತ್ತು ಟಾರು

ಈ ಕೆಲಸಕ್ಕೆ ಫೆಬ್ರುವರಿ ಕೊನೆಯಿಂದ ಮಾರ್ಚ್ ತನಕ ಸರಿಯಾದ ಹೊತ್ತು. ಜೋಳ ಕೊಯ್ದು ಕೈ ಖಾಲಿ ಇರುತ್ತದೆ, ಗಾಳಿಯಲ್ಲಿ ತೇವ ಇರುವುದಿಲ್ಲ.

ಹರಗೋಲನ್ನು ಬೋರಲು ಹಾಕಿ. ಒಂದು ಮೀಟರ್ ಅಗಲದ ಮಾದರಪಾಟ್ ಬಟ್ಟೆ 12 ಮೀಟರ್ ಬೇಕು. ಗಂಜಿ ಹೋಗುವಂತೆ ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿ. ಕೆನ್ನೆಗೆ ಒತ್ತಿ ನೋಡಿ, ತಂಪು ಹತ್ತಿದರೆ ಇನ್ನೂ ಒಣಗಿಲ್ಲ ಎಂದೇ ತಿಳಿಯಿರಿ. ಬಟ್ಟೆಯನ್ನು ಒಂದರ ಮೇಲೊಂದು ನಾಲ್ಕು ಇಂಚು ಬರುವಂತೆ ಹಾಸಿ, ದಬ್ಬಣದಿಂದ ಹೊಲಿದು, ಅಂಚಿನ ಬಳೆಗೆ ಎಳೆದು ಕಟ್ಟಿ. ಸುಕ್ಕು ಇರಬಾರದು.

25 ಕಿಲೋ ಟಾರು ಮೂರು ಕೋಟಿಗೆ ಸಾಕು. ಮೊದಲ ಕೋಟು ಬಿಸಿಯಾಗಿ, ತೆಳ್ಳಗೆ, ಬಟ್ಟೆಗೆ ಇಳಿಯುವಂತೆ ಬಳಿಯಿರಿ. ಅದು ಗಟ್ಟಿಯಾದ ಮೇಲೆ ಎರಡನೆಯ ಕೋಟು, ಅದು ಅಂಟಂಟಾಗಿರುವಾಗಲೇ ಬಿಚ್ಚಿದ ಗೊಬ್ಬರದ ಚೀಲ ಹಾಸಬೇಕು. ಹನ್ನೆರಡು ಚೀಲ ಸಾಕು. ತೊಳೆದು ಒಣಗಿಸಿದ್ದು, ತೂತಿಲ್ಲದ್ದು ಇರಲಿ. ಇಲ್ಲೊಂದು ಎಚ್ಚರ. ಟಾರು ಕುದಿ ಕುದಿ ಇದ್ದರೆ ಪ್ಲಾಸ್ಟಿಕ್ ನೂಲು ಕರಗಿ ಮುದುಡುತ್ತದೆ. ಒಲೆಯಿಂದ ಇಳಿಸಿ, ಕೋಲು ಅದ್ದಿ ಎತ್ತಿದರೆ ಜೇನಿನ ಹಾಗೆ ದಪ್ಪಗೆ ಇಳಿಯುವ ತನಕ ಆರಿಸಿ. ಚೀಲದ ಮೇಲೆ ಮೂರನೆಯ ಕೋಟು. ಕೊನೆಗೆ ಒಣ ಮರಳನ್ನು ಚಿಮುಕಿಸಿದರೆ ಕೈಗೆ ಅಂಟುವುದಿಲ್ಲ.

ಟಾರಿನ ಡಬ್ಬಿಯೊಳಗೆ ಒಂದು ಹನಿ ನೀರೂ ಬೀಳದಂತೆ ನೋಡಿಕೊಳ್ಳಿ, ಉಕ್ಕಿ ಮೈಮೇಲೆ ಬರುತ್ತದೆ. ಮಕ್ಕಳನ್ನು ದೂರ ಇಡಿ. ಮೈಗೆ ಬಿದ್ದರೆ ಕಿತ್ತು ತೆಗೆಯಲು ಹೋಗಬೇಡಿ, ತೊಗಲೂ ಕಿತ್ತು ಬರುತ್ತದೆ. ತಣ್ಣೀರು ಸುರಿಯುತ್ತಲೇ ಇದ್ದು ದವಾಖಾನೆಗೆ ಹೋಗಿ.

ಖರ್ಚಿನ ಲೆಕ್ಕ

ಕಳೆದ ಸಲ ನನಗೆ ಬಿದ್ದ ಖರ್ಚು ಹೀಗಿದೆ:
ಬಿದಿರು 16 ಗಳ, 150ರಂತೆ: 2,400 ರೂ.
ಟಾರು 25 ಕಿಲೋ, 60ರಂತೆ: 1,500 ರೂ.
ಬಟ್ಟೆ 12 ಮೀಟರ್, 60ರಂತೆ: 720 ರೂ.
ಹುರಿ, ದಬ್ಬಣ: 200 ರೂ.
ಮೇದಾರ ಅಣ್ಣನ ಕೂಲಿ 3 ದಿನ, 700ರಂತೆ: 2,100 ರೂ.
ಒಟ್ಟು: 6,920 ರೂ.
ಚೀಲ, ಉರುವಲು, ನನ್ನ ದುಡಿಮೆ ಇದರಲ್ಲಿ ಸೇರಿಲ್ಲ. ವರ್ಷಕ್ಕೊಮ್ಮೆ ಟಾರು ಹಚ್ಚುತ್ತಾ ಬಂದರೆ ಮೂರು ವರ್ಷ ಬರುತ್ತದೆ. ಈಗ ಫೈಬರ್ ಹರಗೋಲೂ ಬಂದಿವೆ. ಅವು ಸೋರುವುದು ಕಡಿಮೆ, ಬೆಲೆ ಜಾಸ್ತಿ. ಬಂಡೆಗೆ ಬಡಿದು ಒಡೆದರೆ ನಾನು ಮನೆಯಲ್ಲಿ ತೇಪೆ ಹಾಕಲಾರೆ. ಬಿದಿರಿನದಾದರೆ ಒಂದು ದಬ್ಬೆ, ಒಂದು ಅಂಗೈ ಬಟ್ಟೆ, ಒಂದು ಸೌಟು ಟಾರು ಸಾಕು.

ನೀರಿಗಿಳಿಸುವ ಮೊದಲು

ಮೊದಲ ದಿನ ಜನ ಹತ್ತಬೇಡಿ. ದಂಡೆಯ ಹತ್ತಿರ ಮೊಣಕಾಲು ನೀರಲ್ಲಿ ಕಟ್ಟಿ, ಒಳಗೆ 400 ಕಿಲೋ ಕಲ್ಲು, ಮರಳಿನ ಚೀಲ ಹೇರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಒದ್ದೆ ಇದೆಯೋ ನೋಡಿ. ಎಲ್ಲಿ ಒದ್ದೆಯೋ ಅಲ್ಲಿ ಇದ್ದಿಲಿನಿಂದ ಗುರುತು ಮಾಡಿ, ಒಣಗಿಸಿ ತೇಪೆ ಹಾಕಿ. ಮತ್ತೊಂದು ರಾತ್ರಿ ನೋಡಿ.

ಆಮೇಲೆ ಹೊರಮೈಗೆ ತಳದಿಂದ 8 ಇಂಚು ಮೇಲೆ ಬಿಳಿ ಬಣ್ಣದಿಂದ ಸುತ್ತಲೂ ಗೆರೆ ಎಳೆಯಿರಿ. ಗೆರೆ ಮುಳುಗಿದರೆ ಒಬ್ಬರು ಇಳಿಯಬೇಕು. ಅದು ಗೌಡರಾದರೂ ಅಷ್ಟೇ, ಬೀಗರಾದರೂ ಅಷ್ಟೇ.

ದಾಟುವ ಲೆಕ್ಕ

ದುಂಡು ದೋಣಿಗೆ ಮುಂದು ಹಿಂದು ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿನ ಅಂಚಿಗೆ ಮೊಣಕಾಲೂರಿ ಕೂತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ನಿಮ್ಮ ಕಡೆ ಎಳೆದುಕೊಳ್ಳಬೇಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆ ಎಳೆದರೆ ತಿರುಗುವುದು ನಿಲ್ಲುತ್ತದೆ. ಭಾರವೆಲ್ಲ ನಡುವೆ ಇರಲಿ, ಜನ ತಳದಲ್ಲಿ ಕೂಡಲಿ. ಯಾರೂ ಅಂಚಿಗೆ ಕೂಡಬಾರದು, ನಿಲ್ಲಬಾರದು.

ಹೊಳೆ ನಿಮ್ಮನ್ನು ಕೆಳಕ್ಕೆ ಒಯ್ಯುತ್ತದೆ. ಎಷ್ಟು ಅಂತ ಮೊದಲೇ ತಿಳಿಯಬಹುದು. ಒಂದು ಕಡ್ಡಿ ನೀರಿಗೆ ಎಸೆದು ಒಂದು ನಿಮಿಷಕ್ಕೆ ಎಷ್ಟು ಮೀಟರ್ ಹೋಯಿತು ನೋಡಿ. 20 ಮೀಟರ್ ಹೋಯಿತು ಅನ್ನಿ. ಹೊಳೆ 300 ಮೀಟರ್ ಅಗಲ ಇದ್ದು, ನೀವು ನಿಮಿಷಕ್ಕೆ 30 ಮೀಟರ್ ಹುಟ್ಟು ಹಾಕಿದರೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ 200 ಮೀಟರ್ ಕೆಳಗೆ ಹೋಗಿರುತ್ತೀರಿ. ಹಾಗಾಗಿ ದಂಡೆಗುಂಟ 200 ಮೀಟರ್ ಮೇಲಕ್ಕೆ ಎಳೆದುಕೊಂಡು ಹೋಗಿ ಅಲ್ಲಿಂದ ಬಿಡಬೇಕು. ಕಡ್ಡಿ ನಿಮಿಷಕ್ಕೆ 40 ಮೀಟರ್ ಓಡಿದರೆ ನಾನು ಅವತ್ತು ದಾಟುವುದೇ ಇಲ್ಲ.

ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಇದ್ದರೆ ಹರಗೋಲು ದಂಡೆ ಮೇಲೆಯೇ. 2009ರ ನೆರೆಯಲ್ಲಿ ಗೂಟಕ್ಕೆ ಕಟ್ಟಿದ್ದ ನನ್ನ ಎರಡನೆಯ ಹರಗೋಲು ಗೂಟದ ಸಮೇತ ಹೋಯಿತು. 2019ರ ಆಗಸ್ಟ್‌ನಲ್ಲಿ ಶೀಲಹಳ್ಳಿಯ ಸೇತುವೆಯೇ ಮುಳುಗಿತ್ತು, ಹರಗೋಲು ಯಾವ ಲೆಕ್ಕ? ಆ ವರ್ಷ ಗಡ್ಡಿಯ ತೊಗರಿ ಪೂರಾ ಹೋಯಿತು. ಆದರೆ ನಾವು ಮನೆಯಲ್ಲಿದ್ದೆವು.

ಗಾಳಿ ಜೋರಿದ್ದಾಗ, ಕತ್ತಲಾದ ಮೇಲೆ ದಾಟಬೇಡಿ. ಜನರಿಗೊಂದು ಲೈಫ್ ಜಾಕೆಟ್ ಇರಬೇಕು. ಅದು ಸಿಗುವ ತನಕ ಮುಚ್ಚಳ ಬಿಗಿಯಾಗಿರುವ 10 ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ತಲೆಗೊಂದರಂತೆ ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಒಂದೊಂದೂ ಸುಮಾರು ಹತ್ತು ಕಿಲೋ ಎತ್ತಿ ಹಿಡಿಯುತ್ತದೆ, ಮನುಷ್ಯನ ತಲೆ ನೀರ ಮೇಲೆ ನಿಲ್ಲಲು ಅಷ್ಟು ಸಾಕು. ನೀರು ಎತ್ತಿ ಚೆಲ್ಲಲು ಒಂದು ಬೋಗುಣಿಯೂ ಇರಲಿ. ನಾನು ಹೇಳುತ್ತಿರುವುದು ಸ್ವಂತ ಹೊಲಕ್ಕೆ ಹೋಗಿ ಬರುವವರಿಗೆ ಮಾತ್ರ. ಬಾಡಿಗೆಗೆ ಜನ ಸಾಗಿಸುವ ಮಾತು ಬೇರೆ, ಅದಕ್ಕೆ ಸರಕಾರದ ಅನುಮತಿ ಬೇಕು.

ಇಟ್ಟುಕೊಳ್ಳುವ ಬಗೆ

ಹರಗೋಲು ಹಾಳಾಗುವುದು ನೀರಿಗಿಂತ ದಂಡೆಯಲ್ಲೇ ಜಾಸ್ತಿ. ಏಪ್ರಿಲ್ ಬಿಸಿಲಿಗೆ ಟಾರು ಮೆತ್ತಗಾಗಿ ಕಲ್ಲಿಗೆ ಅಂಟುತ್ತದೆ, ಹಾಗೇ ಎಳೆದರೆ ಬಟ್ಟೆ ಸಮೇತ ಕಿತ್ತು ಬರುತ್ತದೆ. ಚಳಿಗಾಲದಲ್ಲಿ ಟಾರು ಬಿರುಸಾಗಿ ಸಣ್ಣ ಸೀಳು ಬಿಡುತ್ತದೆ. ಬೇವಿನ ನೆರಳಲ್ಲಿ, ಮೂರು ಕಟ್ಟಿಗೆಯ ಮೇಲೆ, ಅಂಚು ಕೆಳಗೆ ಮಾಡಿ ಬೋರಲು ಹಾಕಿ. ಎಂದೂ ಎಳೆಯಬೇಡಿ, ಎತ್ತಿಕೊಂಡೇ ಹೋಗಿ. ತಿಂಗಳಿಗೊಮ್ಮೆ ಒಳಗೆ ಕತ್ತಲೆ ಮಾಡಿಕೊಂಡು ಕೂತು ಬೆಳಕಿನ ಚುಕ್ಕಿ ಕಾಣುತ್ತದೋ ನೋಡಿ. ಬೆಳಕು ಬರುವಲ್ಲಿ ನೀರೂ ಬರುತ್ತದೆ.

2004ರ ನಂತರ ನನ್ನ ಹೆಂಡತಿ ಎರಡು ವರ್ಷ ಹರಗೋಲು ಹತ್ತಲಿಲ್ಲ. ಗಡ್ಡಿ ಹೊಲ ಮಾರಿಬಿಡಿ ಎಂದು ಹಟ ಹಿಡಿದಿದ್ದಳು. ನಾನು ಬಿಳಿ ಗೆರೆ ಎಳೆದ ಮೇಲೆ ಒಂದು ದಿನ ದಂಡೆಗೆ ಬಂದು ಏನದು ಎಂದು ಕೇಳಿದಳು. ಲೆಕ್ಕ ಹೇಳಿದೆ. ಎಲ್ಲಾ ಕೇಳಿ, ತಾನೇ ಹತ್ತಿ ನಡುವೆ ಕೂತಳು. ಈಗ ತೊಗರಿ ಹೇರುವಾಗ ಗೆರೆ ನೋಡುವ ಕೆಲಸ ಅವಳದ್ದೇ. ಕಳೆದ ಸುಗ್ಗಿಯಲ್ಲಿ ಒಂದು ಚೀಲ ಹೆಚ್ಚು ಹಾಕಿದೆ, ಮತ್ತೊಂದು ಸಲ ಬರೋದು ತಪ್ಪಲಿ ಅಂತ. ಅವಳು ದಂಡೆಯಿಂದಲೇ ಕೂಗಿದಳು, “ಗೆರಿ ಕಾಣವಲ್ದು, ಚೀಲ ಇಳಸ್ರಿ.” ಇಳಿಸಿದೆ.

ಬೇರೆ ಹೊಳೆಸಾಲಿನ ರೈತರು ಟಾರಿನ ಬದಲು ಏನಾದರೂ ಬಳಸಿ ನೋಡಿದ್ದರೆ, ಎಷ್ಟು ವರ್ಷ ಬಂತು ಎಂಬ ಲೆಕ್ಕದೊಂದಿಗೆ ಪತ್ರಿಕೆಗೆ ಬರೆಯಿರಿ. ಹತ್ತನೆಯದನ್ನು ಬರುವ ಮಾರ್ಚ್‌ನಲ್ಲಿ ಹೆಣೆಯಬೇಕು ಎಂದಿದ್ದೇನೆ.